ನಲವತ್ತೊಂದನೆಯ ಅಡಿ

ಬಿಸಿಲು ತಪ್ಪು ದಿಕ್ಕಿನಿಂದ ಬರುತ್ತಿದೆ, ಬೆಳಗಿನ ಹತ್ತೂವರೆಗೆ ಪಡುವಣದ ಬಿಸಿಲು, ಎದುರಿನ ಏಳಂತಸ್ತಿನ ಗಾಜಿಗೆ ಬಡಿದು ವಾಪಸು ಅವನ ಮುಖದ ಮೇಲೆ ಬೀಳುತ್ತಿದೆ, ನಿಜವಾದದ್ದು ಬೆನ್ನಿಗೆ, ಗಾಜಿನದು ಕಣ್ಣಿಗೆ, ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತ ಒಬ್ಬ ಮನುಷ್ಯನಿಗೆ ಎರಡು ನೆರಳು — ಹೊಲದಲ್ಲಿ ನಿಂತವನಿಗೆ ಒಂದೇ ನೆರಳು, ಅದನ್ನು ಹೆಜ್ಜೆಯಲ್ಲಿ ಅಳೆದು ಅಪ್ಪ ಹೊತ್ತು ಹೇಳುತ್ತಿದ್ದ, ಈ ಬೀದಿಗೆ ಬಂದಿದ್ದರೆ ಪಾಪ ಬುತ್ತಿ ಬಿಚ್ಚುವ ಹೊತ್ತು ಯಾವುದೆಂದು ತಿಳಿಯದೆ ಕಕ್ಕಾಬಿಕ್ಕಿಯಾಗುತ್ತಿದ್ದ. ಅಕ್ಕನ ಬಸ್ಸು ಇನ್ನೂ ಬಂದಿಲ್ಲ. ಏಳು ವರ್ಷ ಮಾತಾಡದವಳಿಗಾಗಿ ಇನ್ನೊಂದು ಗಳಿಗೆ ಕಾಯುವುದು ಏನು ಮಹಾ, ಆದರೂ ಎದ್ದು ನೋಡುತ್ತಾನೆ, ಕೂರುತ್ತಾನೆ, ಮೊನ್ನೆ ಅಕ್ಕನ ಮಗಳು ಫೋನಿನಲ್ಲಿ, ಮಾಮ, ಸೋಮವಾರ ಅಮ್ಮನ ಕಣ್ಣಿನ ಆಪರೇಷನ್ನು, ಅದಕ್ಕೆ ಮೊದಲು ಒಂದ್ಸಲ ಅಂಗಡಿ ಇದ್ದ ಜಾಗಕ್ಕೆ ಹೋಗ್ಬೇಕಂತೆ, ನೀನೇ ಕರ್ಕೊಂಡು ಹೋಗ್ಬೇಕಂತೆ. ಕಣ್ಣು ಸರಿಹೋದ ಮೇಲೇ ಬರಬಹುದಲ್ಲಮ್ಮ ಅಂದದ್ದಕ್ಕೆ ಹಿಂದಿನಿಂದ ಅಕ್ಕನ ದನಿ, ಅವನಿಗಲ್ಲ, ಮಗಳಿಗೆ ಹೇಳಿದ್ದು — ಚೆನ್ನಾಗಿ ಕಾಣೋವಾಗ ನೋಡೋಕೆ ನನಗೆ ಧೈರ್ಯ ಇಲ್ಲ, ಮಂಜಾಗಿರೋವಾಗ್ಲೇ ನಿಂತು ಬಂದ್ಬಿಡ್ತೀನಿ ಅನ್ನು. ಆ ದನಿ ಕೇಳಿದ ಮೇಲೆ ಎರಡು ದಿನ ಅವನು ಕೋಣೆಯಲ್ಲಿ ಗೋಡೆಗೆ ಎದುರಾಗಿ ನಿಂತು ಒಂದೇ ಮಾತನ್ನು ಬಾಯಿಪಾಠ ಮಾಡಿದ್ದಾನೆ, ಅಕ್ಕ, ಅಳತೆ ತಪ್ಪಿದ್ದು ನನ್ನಿಂದ. ನಾಲ್ಕೇ ಪದ. ಇವತ್ತು ಹೇಳದಿದ್ದರೆ ಇನ್ನು ಹೇಳುವುದಿಲ್ಲ, ಅದು ಅವನಿಗೆ ಗೊತ್ತು.

ಒಂಬತ್ತಕ್ಕೇ ಬಂದು ತಿರುವಿನವರೆಗೆ ನಡೆದು ಜಾಗ ಗುರುತು ಮಾಡಿಕೊಂಡಿದ್ದಾನೆ, ನೂರ ಅರವತ್ತೈದು ಹೆಜ್ಜೆ, ಕಣ್ಣಿಗೆ ಹಿಡಿದುಕೊಳ್ಳಲು ಒಂದು ಗುರುತೂ ಉಳಿದಿಲ್ಲವಲ್ಲ, ಕನ್ನಡಕದ ಅಂಗಡಿಯವನು ಹೋದ, ಬೀಗ ರಿಪೇರಿಯವನು ಹೋದ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಕೂತು ಛತ್ರಿ ಹೊಲಿಯುತ್ತಿದ್ದವನಿಗೆ ಮೆಟ್ಟಿಲೇ ಹೋಯಿತು. ಫೋನು ಮಾರುವ ಅಂಗಡಿಯ ಗಾಜಿನ ಬಾಗಿಲು ಅವನು ಸುಮ್ಮನೆ ಹಾದುಹೋದರೂ ತಾನಾಗಿ ತೆರೆಯಿತು, ಒಳಗಿನ ತಣ್ಣನೆ ಗಾಳಿ ಬಂದು ಮುಟ್ಟಿತು, ಆಮೇಲೆ ಮುಚ್ಚಿಕೊಂಡಿತು, ಬಾ ಅಂದು ಆಳನ್ನು ನೋಡಿ ಬೇಡ ಅಂದ ಹಾಗೆ. ಮೊದಲು ಈ ಬೀದಿಯಲ್ಲಿ ಯಾವ ಬಾಗಿಲೂ ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ, ಏನಪ್ಪ ಸೊನ್ನೆ, ಬಾ ಕೂತ್ಕೋ, ನಮ್ಮ ಗೋಡೆ ಯಾವಾಗ ಒಡೀತೀರಿ — ರಸ್ತೆ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಟೇಪಿನ ಸೊನ್ನೆಯ ತುದಿ ಹಿಡಿದವನಿಗೆ ಬೇರೆ ಯಾವ ಹೆಸರು ನಿಲ್ಲುತ್ತದೆ, ಆಫೀಸಿನವರು ಬೀಳ್ಕೊಡುವ ದಿನವೂ ನಕ್ಕರು, ಎಲ್ಲರೂ ಮೇಲಕ್ಕೆ ಹೋದ್ರು, ಇವನೊಬ್ಬ ಸೊನ್ನೆ ಬಿಟ್ಟು ಏಳಲಿಲ್ಲ. ಅವನೂ ನಕ್ಕ. ಈಗ ಹಾಗೆ ಕರೆಯಲೂ ಜನವಿಲ್ಲ, ಮೂರು ದಿನ ಯಾರೊಡನೆಯೂ ಮಾತಿಲ್ಲದೆ ಇದ್ದು ಹಾಲಿನವಳಿಗೆ ಅರ್ಧ ಲೀಟರು ಅನ್ನಲು ಹೋದರೆ ಗಂಟಲಿನಿಂದ ಬಂದ ಶಬ್ದಕ್ಕೆ ಅವನೇ ಬೆಚ್ಚುತ್ತಾನೆ. ತಿರುವಿನಲ್ಲಿ ಈಗ ಬೂಟಿನ ಅಂಗಡಿ, ಅದರ ಗಾಜು ಪಕ್ಕದವರ ಸಾಲಿನಿಂದ ಒಂದೇ ಒಂದು ಅಡಿ ಹಿಂದೆ ನಿಂತಿದೆ, ತಿರುವಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ, ಆ ಒಂದು ಅಡಿಯಲ್ಲಿ ಯಾರೋ ಹೂಕುಂಡ ಇಟ್ಟಿದ್ದಾರೆ, ಪ್ಲಾಸ್ಟಿಕ್ಕಿನ ಎಲೆ, ಬೆಳಿಗ್ಗೆ ಅದನ್ನು ಮುಟ್ಟಿ ನೋಡಿದಾಗ ಕೈಗೆ ಧೂಳು ಹತ್ತಿತು.

ಅಲ್ಲೇ ಅಕ್ಕನ ಗುಂಡಿ-ದಾರದ ಅಂಗಡಿ, ಕೆಳಗೆ ಅಂಗಡಿ, ಮೇಲೆ ಮನೆ, ಮೂಲೆಯಲ್ಲೊಂದು ಕಂಬ, ಮೇಲಿನ ಮನೆಯೆಲ್ಲ ಅದರ ಹೆಗಲ ಮೇಲೆ. ಭಾವ ತೀರಿಕೊಂಡ ಮೇಲೆ ಅವಳೇ ಗಲ್ಲಾಕ್ಕೆ ಕೂತಳು, ಗಾಜಿನ ಸೀಸೆಗಳ ತುಂಬ ಅಂಗಿಯ ಗುಂಡಿ, ಕೋಟಿನ ಗುಂಡಿ, ಮಗುವಿನ ಕುಲಾವಿಗೆ ಹಚ್ಚುವ ಹೆಸರುಕಾಳಿನಷ್ಟು ಗುಂಡಿ, ಕತ್ತೆತ್ತದೆ ಬೆರಳಲ್ಲೇ ಆರಿಸುತ್ತಿದ್ದಳು, ಅವನ ಅಂಗಿಯಲ್ಲಿ ಒಂದು ಉದುರಿದ್ದರೆ ಅಂಗಡಿಯ ಮುಂದೆಯೇ ನಿಲ್ಲಿಸಿ ಮೈಮೇಲಿರುವಾಗಲೇ ಹೊಲಿದು ದಾರವನ್ನು ಹಲ್ಲಿನಲ್ಲಿ ಕಡಿಯುತ್ತಿದ್ದಳು, ಅಲ್ಲಾಡ್ಬೇಡ ಕಣೋ ತಮ್ಮಾ, ಎದೆಗೇ ಚುಚ್ಚಿಬಿಟ್ಟೇನು. ರಸ್ತೆ ಅಗಲ ಮಾಡುವ ಆಜ್ಞೆ ಬಂತು, ರಸ್ತೆಯ ನಡುವೆ ಹೊಡೆದ ಮೊಳೆಯಿಂದ ಎರಡೂ ಕಡೆಗೆ ನಲವತ್ತು ಅಡಿ, ಎಲ್ಲಿ ನಲವತ್ತು ಬೀಳುತ್ತದೋ ಅಲ್ಲಿ ಕೆಂಪು ಗೆರೆ. ಇಲಾಖೆಯ ಟೇಪಿನ ಮೊದಲ ಅಡಿ ಹರಿದುಹೋಗಿ ವರ್ಷಗಳಾಗಿದ್ದವು, ಆದ್ದರಿಂದ ಅವನು ಒಂದರ ಗೆರೆಯನ್ನು ಮೊಳೆಗೆ ಒತ್ತಿ ಹಿಡಿದು ಒಂದು ಅಂತ ಕೂಗಬೇಕು, ಆ ತುದಿಯಲ್ಲಿ ಸಾಹೇಬರು ಒಂದು ಸೇರಿಸಿ ನಲವತ್ತೊಂದರ ಹತ್ತಿರ ಬಣ್ಣ ಬಳಿಯಬೇಕು, ಸಾವಿರ ಸಲ ಹಾಗೇ ಮಾಡಿದ್ದು. ಆ ದಿನ ಬೆಳಿಗ್ಗೆ ಹೊಸ ಟೇಪು ಕೊಟ್ಟರು. ಹಳದಿ, ಹೊಳೆಯುವ ಕೊಂಡಿ, ಸೊನ್ನೆ ಸೊನ್ನೆಯ ಜಾಗದಲ್ಲೇ, ಅವನಿಗೆ ಹಬ್ಬವಾಯಿತು, ಕೊಂಡಿಯನ್ನು ಮೊಳೆಗೆ ಸಿಕ್ಕಿಸಿದ, ಮೊದಲ ಅಳತೆ ಅಕ್ಕನದೇ, ಅಕ್ಕ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದಳು, ಅವನ ಕೈಯಲ್ಲಿತ್ತು ಸೊನ್ನೆ, ಬಾಯಿ ರೂಢಿಯಂತೆ ಕೂಗಿತು, ಒಂದು. ಸಾಹೇಬರು ಒಂದು ಸೇರಿಸಿದರು. ನಲವತ್ತಕ್ಕೆ ಬಿದ್ದಿದ್ದರೆ ಗೆರೆ ಕಂಬದ ಗಾರೆಯನ್ನು ಸವರಿಕೊಂಡು ಹೋಗುತ್ತಿತ್ತು, ಕಂಬ ಉಳಿಯುತ್ತಿತ್ತು, ಮನೆ ಉಳಿಯುತ್ತಿತ್ತು, ನಲವತ್ತೊಂದಕ್ಕೆ ಬಿತ್ತು, ಕಂಬದ ಹಿಂದೆ.

ಎರಡನೆಯ ಮನೆಯ ಹತ್ತಿರ ಕೊಂಡಿ ಬೆರಳಿಗೆ ಚುಚ್ಚಿದಾಗ ತಿಳಿಯಿತು, ಓಡಬೇಕಾಗಿತ್ತು, ಸಾಹೇಬರೆ, ಹಿಂದಿನದನ್ನು ಇನ್ನೊಂದು ಸಲ ಹಿಡಿಯೋಣ ಅನ್ನಬೇಕಾಗಿತ್ತು, ಆದರೆ ಆಗಲೇ ಬೀದಿ ಬೀದಿಯೇ ಸೇರಿತ್ತು, ಬೀಗದವನು ದೊಡ್ಡ ದನಿಯಲ್ಲಿ, ನೋಡ್ರಪ್ಪ, ಒಡಹುಟ್ಟಿದವಳನ್ನೂ ಬಿಡಲಿಲ್ಲ, ಇನ್ನು ನಾವ್ಯಾರೂ ತಕರಾರು ಎತ್ತೋ ಹಾಗಿಲ್ಲ. ಅಷ್ಟು ಜನರ ಮುಂದೆ ಅಕ್ಕನ ಗೆರೆಯೊಂದನ್ನೇ ಈಚೆಗೆ ಸರಿಸಿದರೆ ಏನಂತಾರೆ, ನಿಜವನ್ನೇ ಹೇಳಿದರೂ ಅದು ಕಳ್ಳತನದ ಹಾಗೆ ಕಾಣುತ್ತದೆ, ನಾಳೆ ಹೇಳೋಣ, ಸಾಹೇಬರ ಕಿವಿಯಲ್ಲಿ ಹೇಳೋಣ. ಎರಡನೆಯ ಮನೆಗೆ ಸೊನ್ನೆ ಅಂತ ಕೂಗಿದ. ಆ ನಾಳೆ ಬಂದಾಗ ಸಾಹೇಬರೇ ಎಲ್ಲರ ಮುಂದೆ ಅವನ ಬೆನ್ನು ತಟ್ಟಿದರು. ಅಕ್ಕ ಮಾತ್ರ ಸಾಮಾನು ತುಂಬಿದ ಗಾಡಿಯ ಪಕ್ಕ ನಿಂತು, ನ್ಯಾಯವಂತ ಕಣಪ್ಪ ನೀನು, ಒಂದಡಿ ಕಣ್ಣುಮುಚ್ಚಿಕೊಳ್ಳೋಕೆ ಆಗ್ಲಿಲ್ಲ ನಿನಗೆ, ನಿನ್ನ ನ್ಯಾಯ ನೀನೇ ಇಟ್ಕೊಂಡು ಉಣ್ಣು ಅಂದಳು. ಉಂಡ, ಏಳು ವರ್ಷ, ಒಬ್ಬನೇ. ಸಾಹೇಬರ ಕಿವಿಗೆ ಅದು ಬೀಳಲೇ ಇಲ್ಲ, ಹೋದ ವರ್ಷ ಅವರೂ ತೀರಿಕೊಂಡರು, ಆ ಒಂದು ಅಡಿ ಗೊತ್ತಿರುವುದು ಈ ಭೂಮಿಯ ಮೇಲೆ ಅವನೊಬ್ಬನಿಗೆ.

ಬಸ್ಸು ಬಂತು, ಬಾಗಿಲಲ್ಲಿ ಅಕ್ಕ, ಇಷ್ಟು ಸಣ್ಣಗಾಗಿದ್ದಾಳೆ, ಕಂಡಕ್ಟರು ಮೊಣಕೈ ಹಿಡಿದು ಇಳಿಸುತ್ತಿದ್ದಾನೆ, ಅವಳು ಗಾಳಿಯನ್ನು ತಡವುತ್ತ, ಯಾರು, ಇವನೇನಾ, ಅನ್ನುತ್ತಾಳೆ, ಅವನ ಅಂಗಿಯ ಮೇಲೆ ಕೈ ಇಡುತ್ತಾಳೆ, ಬೆರಳು ಒಂದೊಂದೇ ಗುಂಡಿ ಎಣಿಸಿಕೊಂಡು ಇಳಿಯುತ್ತದೆ, ಮೂರನೇದು ಬೇರೆ ಜಾತಿ ಗುಂಡಿ, ಯಾರು ಹಚ್ಚಿದ್ದು? ನಾನೇ ಅಕ್ಕ. ಗೊತ್ತಾಗುತ್ತೆ ಬಿಡು. ನಡೆದರು, ಅವಳ ಕೈ ಅವನ ತೋಳನ್ನು ಹಿಡಿದಿಲ್ಲ, ಬರೀ ಮುಟ್ಟಿದೆ, ನೂರು ಹೆಜ್ಜೆ, ನೂರಿಪ್ಪತ್ತು, ಹಳೆಯ ಅಂಗಡಿಗಳನ್ನು ಒಂದೊಂದಾಗಿ ಕೇಳುತ್ತಾಳೆ, ಅವನು ಇಲ್ಲ ಅಕ್ಕ, ಇಲ್ಲ ಅಕ್ಕ, ನಾಲ್ಕು ಪದ ನಾಲಗೆಯ ತುದಿಯಲ್ಲಿ ಕೂತಿವೆ, ನೂರ ಅರವತ್ತೈದು. ಇಲ್ಲೇ ಅಕ್ಕ. ಅವಳು ನಿಂತಳು, ಮಂಜುಗಣ್ಣು ಗಾಜಿನ ಕಡೆಗಲ್ಲ, ಅವನ ಕಡೆ ತಿರುಗಿತು. ಒಂದು ಕೇಳ್ತೀನಿ, ನಿಜ ಹೇಳು. ಆವತ್ತು ಅಳತೆ ಸರಿಯಾಗಿತ್ತಾ? ಅವಳೇ ಮುಂದುವರಿಸುತ್ತಾಳೆ, ಸರಿಯಾಗಿತ್ತು ಅಂದ್ರೆ ಸಾಕು ಕಣೋ, ನಿನ್ನ ಮೇಲೆ ಕೋಪ ಹೊತ್ಕೊಂಡು ನನಗೂ ಸುಸ್ತಾಯ್ತು, ಸರಿಯಾಗಿದ್ದಿದ್ದಕ್ಕೆ ಯಾರೇನು ಮಾಡೋಕಾಗುತ್ತೆ. ಅಕ್ಕ, ಅಂದ, ಅಳತೆ, ಅಂದ, ಅವಳ ಮುಖ ಎಷ್ಟು ಹತ್ತಿರದಲ್ಲಿದೆ, ಏಳು ವರ್ಷದಲ್ಲಿ ಒಂದು ಮುಖವೂ ಇಷ್ಟು ಹತ್ತಿರ ಬಂದಿಲ್ಲ — ಸರಿಯಾಗಿತ್ತು.

ಹಾಗಾದ್ರೆ ಮುಗೀತು ಬಿಡು ತಮ್ಮಾ, ಅಂದಳು, ಕೈ ಈಗ ಅವನ ತೋಳನ್ನು ಗಟ್ಟಿಯಾಗಿ ಹಿಡಿಯಿತು, ಸೋಮವಾರ ಆಸ್ಪತ್ರೆಗೆ ನೀನೇ ಬಾ, ಕಟ್ಟು ಬಿಚ್ಚುವಾಗ ಎದುರಿಗಿರು, ಈಗ ಒಂದು ಚೂರು ಒಳಗೆ ಹೋಗೋಣ. ಒಳಗೆ ಅನ್ನುವುದೆಲ್ಲಿದೆ, ಬೂದು ಬಣ್ಣದ ಹಾಸುಬಿಲ್ಲೆ, ಜನ ಸರಸರ ನಡೆದುಹೋಗುತ್ತಿದ್ದಾರೆ, ಅವಳು ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಒಂದಿಷ್ಟು ಮೇಲಕ್ಕೆ ಹಿಡಿದಳು, ಬಲಗಾಲು ಎತ್ತಿದಳು — ಅಂಗಡಿಗೆ ಒಂದು ಮೆಟ್ಟಿಲಿತ್ತು, ಹೌದು, ಮೂವತ್ತು ವರ್ಷ ಹತ್ತಿದ ಮೆಟ್ಟಿಲು — ಸಪಾಟು ನೆಲದ ಮೇಲೆ ಆ ಕಾಲು ಗಾಳಿಯಲ್ಲಿ ನಿಂತಿದೆ, ಚಪ್ಪಲಿಯ ತುದಿ ಅಂಚನ್ನು ಹುಡುಕುತ್ತಿದೆ, ಮೆಟ್ಟಿಲಿಲ್ಲ ಅಕ್ಕ ಅನ್ನಬೇಕು, ಜನ ಸುತ್ತಿಕೊಂಡು ಹೋಗುತ್ತಿದ್ದಾರೆ, ಅವಳು ನಂಬಿಕೆಯಿಂದ ಅವನ ಮೇಲೆ ಭಾರ ಬಿಟ್ಟು, ಸರಿಯಾಗಿ ಒಂದು ಮೆಟ್ಟಿಲಿನಷ್ಟು ಎತ್ತರಕ್ಕೆ, ಎತ್ತಿದ ಕಾಲು, ಇಳಿಯದ ಕಾಲು, ಎತ್ತಿದ ಆ ಕಾಲು