ಕೊನೆಮನೆಯ ಮುಚ್ಚಳ

ಹೊಸ ಬೂಟು ಮೊದಲು ಕಣ್ಣಿಗೆ ಬಿದ್ದದ್ದು ಹೊಲಿಗೆಯವಳಿಗೇ. ಊಟಕ್ಕೆ ಬಂದ ಭಾವ ಅವನ್ನು ಬಾಗಿಲ ಹೊರಗೆ ಕಳಚಿ, ಒಂದರ ಪಕ್ಕ ಒಂದನ್ನು ಜೋಡಿಸಿಟ್ಟು, ಕಾಲನ್ನು ಗೋಣಿತಟ್ಟಿಗೆ ಒರೆಸಿಕೊಂಡು ಒಳಗೆ ಬಂದರು. ಮೊಣಕಾಲಿನವರೆಗೆ ಬರುವ ಕಪ್ಪು ರಬ್ಬರ್ ಬೂಟು. ಹೊಸದರ ವಾಸನೆ ಇನ್ನೂ ಹೋಗಿರಲಿಲ್ಲ.

“ಬೂಟು ಚೆನ್ನಾಗಿದೆ ಭಾವ. ಎಲ್ಲಿ ತಗೊಂಡ್ರಿ?”

“ತಗೊಳ್ಳಲಿಲ್ಲಮ್ಮ. ಕೊಟ್ರು.”

“ಯಾರು?”

“ಯಾರೋ ಕೊಟ್ರು ಬಿಡು,” ಎಂದು ಭಾವ ತಟ್ಟೆಯ ಕಡೆ ತಲೆ ತಗ್ಗಿಸಿದರು. ಅವಳ ಗಂಡ ಅತ್ತಿತ್ತ ನೋಡದೆ ನೀರಿನ ಲೋಟ ಎತ್ತಿ ಗಟಗಟ ಕುಡಿದ.

ಅವಳು ಬಡಿಸುತ್ತಲೇ ಬಾಗಿಲಾಚೆಯ ಬೂಟನ್ನು ಮತ್ತೊಮ್ಮೆ ದಿಟ್ಟಿಸಿದಳು.

ಭಾವ ಪಂಚಾಯಿತಿಯಲ್ಲಿ ನೀರು ಬಿಡುವವರು. ದಿನ್ನೆಯ ಮೇಲಿನ ಟ್ಯಾಂಕಿನಿಂದ ಬೆಳಿಗ್ಗೆ ಮೊದಲು ಕೆಳಬೀದಿಗೆ, ಅದು ಮುಗಿದ ಮೇಲೆ ಮೇಲುಬೀದಿಗೆ. ಗುಂಡಿಯೊಳಗಿನ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಅವರ ಹೆಗಲ ಮೇಲೆ ಎಷ್ಟು ವರ್ಷದಿಂದ ಇತ್ತೆಂದರೆ, ಅದಿಲ್ಲದಾಗಲೂ ಅವರು ಆ ಹೆಗಲನ್ನು ಕೊಂಚ ಏರಿಸಿಯೇ ನಡೆಯುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ತಮ್ಮನ ಮನೆಯ ಹಿಂದಿನ ಕೋಣೆಯೇ ಅವರ ಮನೆ, ಆ ಕೀಲಿಯೇ ಅವರ ಬದುಕು. ಮಾತು ಕಡಿಮೆ. ಊಟವಾದ ಮೇಲೆ ತಮ್ಮ ತಟ್ಟೆಯ ಜೊತೆಗೆ ಪಾತ್ರೆಗಳನ್ನೂ ತೊಳೆದಿಟ್ಟು ಹೋಗುವವರು.

ಈಗ ಎರಡು ತಿಂಗಳಿಂದ ಕೆಳಬೀದಿಯ ನಲ್ಲಿಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ಬೀದಿಯ ತಲೆಯಲ್ಲಿದ್ದವರಿಗೆ ಹೇಗೋ ಆಗುತ್ತಿತ್ತು. ನಡುವಿನವರ ಕೊಡ ತುಂಬುವಷ್ಟರಲ್ಲಿ ಬುಸ್ಸೆಂದು ಗಾಳಿ. ಕೆಳಬೀದಿಗೆ ಬೇಗ ನಿಂತಷ್ಟೂ ಮೇಲುಬೀದಿಗೆ ಲಾಭ. ಮೇಲುಬೀದಿಯಲ್ಲಿ ಅಧ್ಯಕ್ಷರ ಮನೆಗೆ ಮಹಡಿ ಏಳುತ್ತಿತ್ತು. ಹೊಸ ಗೋಡೆಗೆ ನೀರು ಹಾಯಿಸುವುದು ಊರಿಗೆಲ್ಲ ಕಾಣುತ್ತಿತ್ತು. ಇಷ್ಟು ಸಾಕಾಗಿತ್ತು ಬಾಯಿಗಳಿಗೆ.

ಭಾವನ ಎದುರು ಮಾತ್ರ ಯಾರೂ ಉಸಿರೆತ್ತಲಿಲ್ಲ. ಕೇಳಿದರೆ ಇನ್ನಷ್ಟು ಕಡಿಮೆ ಮಾಡಿಯಾರು ಎಂಬ ಭಯ.

ಹೊಲಿಗೆಯವಳು ಕೆಳಬೀದಿಯ ಪಂಚಾಯಿತಿ ಮೆಂಬರು. ಹಾಗಾಗಿ ಅಧ್ಯಕ್ಷರು ಅವಳನ್ನೇ ಆಫೀಸಿಗೆ ಕರೆಸಿ ಬಾಗಿಲು ಮುಂದೆ ಮಾಡಿಕೊಂಡರು.

“ನಾನು ನೀರು ಕದೀತೀನಿ ಅಂತ ಜನ ಆಡ್ಕೊಳ್ತಿದಾರೆ. ಇವತ್ತಿನವರೆಗೂ ನಾನು ನಿಮ್ಮ ಭಾವನಿಗೆ ಒಂದು ಲೋಟ ನೀರು ಜಾಸ್ತಿ ಬಿಡು ಅಂದವನಲ್ಲ. ಮಹಡಿ ಕೆಲಸಕ್ಕೆ ನಂಗೆ ಬೋರ್‌ವೆಲ್ ಇದೆ. ಹಾಗಾದ್ರೆ ಯಾರಿಗೆ ಬಿಡ್ತಿದಾರೆ? ನೀವೇ ನೋಡಿ ಹೇಳಿ. ಸೋಮವಾರದ ಮೀಟಿಂಗ್‌ನಲ್ಲಿ ಇದು ತೀರ್ಮಾನ ಆಗ್ಬೇಕು. ತಪ್ಪಿದ್ರೆ ಕೆಲಸದಿಂದ ತೆಗೀತೀವಿ, ಮೊದಲು ಕೈ ಎತ್ತೋರು ನೀವೇ ಆಗಿರ್ಬೇಕು. ಇಲ್ಲಾಂದ್ರೆ ನಂಟಸ್ತಿಕೆ ಅಂತಾರೆ.”

“ಒಂದು ಮಾತು ಅವರನ್ನೇ ಕೇಳಬಹುದಲ್ಲ?”

“ಕೇಳಿದ್ರೆ ಹುಷಾರಾಗ್ತಾರೆ. ಅವರಿಗೆ ಸುಳಿವು ಸಿಗಬಾರದು.”

ಅವತ್ತಿನಿಂದ ಅವಳಿಗೆ ಭಾವನ ನಗೆಯೂ ಬೇರೆಯಾಗಿ ಕಾಣತೊಡಗಿತು. ಅವರು ಪಾತ್ರೆ ತೊಳೆದರೆ, ಯಾಕಿಷ್ಟು ಒಳ್ಳೆಯತನ? ತೊಳೆಯದೆ ಹೋದರೆ, ಯಾರನ್ನು ನೋಡಲು ಈ ಅವಸರ? ಗುಮಾನಿ ಎಂಬುದು ಸೀರೆಯ ಅಂಚಿಗೆ ಹತ್ತಿದ ಎಣ್ಣೆಯ ಹಾಗೆ, ಹತ್ತಿದ್ದೆಲ್ಲೋ, ಹರಡುವುದೆಲ್ಲೋ.

ಬೆಳಿಗ್ಗೆ ಬೀದಿಯಲ್ಲಿ ಎಂದಿನ ಸಂತೆ. ಕೊಡ, ಬಕೆಟ್ಟು, ಜಡೆ ಹಾಕಿಕೊಳ್ಳಲು ಪುರುಸೊತ್ತಿಲ್ಲದ ತಲೆಗಳು. ನಡುಬೀದಿಯ ದರ್ಬಾರಮ್ಮ (ಮನೆಯೊಳಗೂ ಕೂಗಿಯೇ ಮಾತಾಡುತ್ತಾಳೆಂದು ಬಂದ ಹೆಸರು) ತನ್ನ ನಲ್ಲಿಯನ್ನು ಹಿಡಿದು ಅಲ್ಲಾಡಿಸುತ್ತಿದ್ದಳು.

“ಮೆಂಬರ್ ಅಮ್ಮಾ, ನಿಮ್ಮನೆ ಕೊಡ ತುಂಬಿತಾ? ತುಂಬಿರ್ಬೇಕು ಬಿಡಿ. ನೀರು ಬಿಡೋರು ನಿಮ್ಮನೇಲೇ ಊಟ ಮಾಡ್ತಾರೆ!”

“ನನ್ನ ಕೊಡಾನೂ ನೋಡು ಬಾ, ತಳ ಕಾಣ್ತಿದೆ.”

ಅಷ್ಟರಲ್ಲಿ ಬೀದಿಯ ಕೊನೆಯಿಂದ ಟಣ್ ಟಣ್ ಟಣ್ ಎಂದು ಸದ್ದು ಬಂತು. ಕೊನೆಮನೆಯ ಅಜ್ಜಿ ಜಗುಲಿಯಲ್ಲಿ ನಿಂತು ಹಳೆಯ ತಾಮ್ರದ ಮುಚ್ಚಳಕ್ಕೆ ಸೌಟಿನಿಂದ ಬಡಿಯುತ್ತಿದ್ದಳು. ಹಿಂದೆಯೇ ನಲ್ಲಿಗಳು ಗೊರಗೊರ ಎಂದು ನಿಂತವು.

“ನೋಡಿ, ಕಣ್ಣು ಮಂಜಾಗಿರೋ ಮುದುಕಿಗಿರೋ ಧೈರ್ಯ ನಮಗಿಲ್ಲ,” ಎಂದಳು ದರ್ಬಾರಮ್ಮ. “ನೀರು ನಿಂತ್ರೆ ಸಾಕು, ದಿನಾ ಹೆಂಗೆ ಬಡಿದು ಬಯ್ತಾಳೆ! ಬಡೀರೇ ನೀವೂ, ಅವನ ಕಿವಿಗೆ ಬೀಳಲಿ.”

ಹೆಂಗಸರೆಲ್ಲ ತಟ್ಟೆ, ಬಕೆಟ್ಟು, ಕೈಗೆ ಸಿಕ್ಕಿದ್ದನ್ನು ಬಡಿದರು. ಒಂದು ವಾರದಿಂದ ಇದು ದಿನವೂ ನಡೆಯುತ್ತಿತ್ತು. ಹೊಲಿಗೆಯವಳೂ ಮೆಂಬರು ಎಂಬ ಮರ್ಯಾದೆಗೆ ಕೊಡದ ಕಂಠಕ್ಕೆ ಮೆಲ್ಲಗೆ ಎರಡು ಬಾರಿ ತಟ್ಟಿದಳು.

ಮಾರನೆಯ ದಿನ ಹೊಲಿದ ರವಿಕೆಯೊಂದನ್ನು ಕಂಕುಳಲ್ಲಿಟ್ಟುಕೊಂಡು, ಮೇಲುಬೀದಿಗೆ ಕೊಡಲು ಹೋಗುವವಳಂತೆ ದಿನ್ನೆ ಹತ್ತಿದಳು. ಟ್ಯಾಂಕಿನ ಕಂಬದ ಹಿಂದೆ ನಿಂತಳು. ಕಂಬಕ್ಕೆ ಕೆನ್ನೆ ಒತ್ತಿ ಇಣುಕುವಾಗ ತನ್ನ ಮೇಲೆಯೇ ಅಸಹ್ಯವಾಯಿತು; ಆದರೂ ಇಣುಕಿದಳು.

ಭಾವ ಗುಂಡಿಯ ಮುಚ್ಚಳ ಸರಿಸಿದರು. ಒಳಗಿದ್ದ ಕಪ್ಪೆಯೊಂದನ್ನು ಬೊಗಸೆಯಲ್ಲಿ ಎತ್ತಿ ಹುಲ್ಲಿನ ಮೇಲೆ ಬಿಟ್ಟು, ಆಮೇಲೆ ಬೂಟುಗಾಲಲ್ಲಿ ಕೆಸರಿಗೆ ಇಳಿದು ಕೆಳಬೀದಿಯ ವಾಲ್ವ್ ತಿರುಗಿಸಿದರು. ಮೇಲೆ ಬಂದು ಕಲ್ಲಿನ ಮೇಲೆ ಕುಳಿತರು. ಮೇಲುಬೀದಿಯ ಗಾರೆಯವನೊಬ್ಬ ಎರಡು ಬಕೆಟ್ ಹಿಡಿದು ಬಂದ.

“ಅಣ್ಣೋ, ಬೋರ್ ಕೆಟ್ಟಿದೆ. ಒಂಚೂರು ಈ ಕಡೆ ತಿರುಗಿಸಿಬಿಡಪ್ಪ.”

“ಕೆಳಬೀದಿ ಮುಗೀಲಿ. ಆಮೇಲೆ ಬಾ.”

“ಎರಡೇ ಬಕೆಟ್ಟು!”

“ಕೆಳಬೀದಿ ಮುಗೀಲಿ ಅಂದೆನಲ್ಲ.”

ಗಾರೆಯವನು ಗೊಣಗುತ್ತ ಹೋದ. ಹೊಲಿಗೆಯವಳ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ನನ್ನ ಸೆರಗಿನ ಚುಂಗು ಕಂಡು ನಾಟಕವಾಡಿದರೋ ಏನೋ!

ಭಾವ ಕೀಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೆಳಬೀದಿಯ ಕಡೆ ಕಿವಿ ಕೊಟ್ಟು ಕುಳಿತೇ ಇದ್ದರು. ಅಲ್ಲಿಂದ ಮೇಲುಬೀದಿ ನೆಟ್ಟಗೆ ಕಾಣುತ್ತಿತ್ತು. ಕೆಳಬೀದಿ ಗಿರಣಿಯ ಹಿಂದೆ ತಿರುಗಿಕೊಂಡಿದ್ದರಿಂದ ಒಂದು ಮನೆಯೂ ಕಾಣುತ್ತಿರಲಿಲ್ಲ. ಟಣ್ ಟಣ್ ಟಣ್. ಅದರ ಹಿಂದೆ ಬೀದಿಗೆ ಬೀದಿಯೇ ತಟ್ಟೆ ಬಡಿಯುವ ಗದ್ದಲ. ಭಾವನ ಮುಖ ಅರಳಿತು.

“ತುಂಬಿತೇನಮ್ಮ? ಎಲ್ಲರಿಗೂ ತುಂಬಿತಾ? ಸಂತೋಷ, ಸಂತೋಷ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಗುಂಡಿಗಿಳಿದು ವಾಲ್ವ್ ಮುಚ್ಚಿದರು.

ಕಂಬದ ಹಿಂದೆ ಹೊಲಿಗೆಯವಳಿಗೆ ಈಗ ಗೊತ್ತಾಯಿತು. ನೀರು ನಿಂತಿತೆಂದು ಅಜ್ಜಿ ಬಡಿಯುತ್ತಿರಲಿಲ್ಲ. ಅಜ್ಜಿ ಬಡಿದಳೆಂದೇ ನೀರು ನಿಲ್ಲುತ್ತಿತ್ತು. ಸಾಲದೆಂದು ಊರ ಹೆಂಗಸರೆಲ್ಲ ಸೇರಿ, ಸಾಕು ಸಾಕು ಎಂದು ಸಾರುತ್ತಿದ್ದರು. ತಾನೂ.

ಅವಳು ರವಿಕೆ ಕೊಡುವುದನ್ನು ಮರೆತು ನೇರ ಕೊನೆಮನೆಗೆ ಹೋದಳು.

“ಅಜ್ಜಿ, ಈ ಮುಚ್ಚಳ ಯಾಕೆ ಬಡೀತೀರಿ?”

“ಯಾಕೆ ಅಂದ್ರೆ? ನಮ್ಮ ಯಜಮಾನರು ನೀರು ಬಿಡ್ತಿದ್ದಾಗಿಂದ ನಡೆದುಬಂದಿದ್ದು ಕಣೇ. ಕೆಲಸ ಕಲಿಸುವಾಗ ನಿಮ್ಮ ಭಾವನಿಗೂ ಹೇಳಿಕೊಟ್ಟಿದ್ರು. ಕೊನೆಮನೆ ಕೊಡ ತುಂಬಿದ್ರೆ ಬೀದಿಯೆಲ್ಲ ತುಂಬಿದ ಹಾಗೆ, ನಮ್ಮನೆ ಮುಚ್ಚಳ ಕೇಳಿದ್ರೆ ಮುಚ್ಚು ಅಂತ. ಮೊದಲೆಲ್ಲ ನಾನು ಬಡಿಯೋ ಹೊತ್ತಿಗೆ ಬೀದಿಯವರು ಕೊಡ ಹೊತ್ತು ಒಳಗೆ ಹೋಗಿರ್ತಿದ್ರು, ಯಾರೂ ಗಮನಿಸ್ತಿರಲಿಲ್ಲ.” ಅಜ್ಜಿ ಕೈಯಿಂದ ತಡವಿ ಕೊಡದ ಕಂಠ ಮುಟ್ಟಿದಳು. “ನೋಡು, ಈಚೆಗೆ ಎಷ್ಟು ಬೇಗ ತುಂಬುತ್ತೆ! ಎರಡು ತಿಂಗಳ ಹಿಂದೆ ನಲ್ಲಿ ಕಲ್ಲಿನ ಹತ್ರ ಜಾರಿಬಿದ್ದಾಗಿಂದ ಅಂಗಡಿ ಸೊಸೆ ನನ್ನನ್ನ ಅತ್ತ ಹೋಗೋಕೇ ಬಿಡಲ್ಲ. ಅವಳೇ ತುಂಬಿಸಿಕೊಡ್ತಾಳೆ. ಚಿನ್ನದಂಥ ಹುಡುಗಿ.”

ಅಂಗಡಿಯ ಸೊಸೆ ಈ ಊರಿಗೆ ಬಂದು ವರ್ಷ ಕಳೆದಿರಲಿಲ್ಲ. ಅವಳ ಮನೆ ಬೀದಿಯ ತಲೆಯಲ್ಲಿ, ಮೊದಲನೆಯದು.

“ಅಜ್ಜಿ ನಲ್ಲಿಗೆ ನೀರು ಬರೋವರೆಗೆ ಕಾದ್ರೆ ನಂಗೆ ಅಂಗಡಿ ಬಾಗಿಲು ತೆಗೆಯೋಕೆ ತಡ ಆಗುತ್ತಕ್ಕ,” ಎಂದಳು ಆ ಹುಡುಗಿ. “ಅದಕ್ಕೆ ನಮ್ಮ ನಲ್ಲೀಲೇ ಮೊದಲು ಅಜ್ಜಿ ಕೊಡ ತುಂಬಿಸಿ ಕೊಟ್ಟು ಬರ್ತೀನಿ. ಆಮೇಲೆ ನಮ್ಮದು. ಯಾಕಕ್ಕ, ತಪ್ಪಾಯ್ತಾ?”

ಹೊಲಿಗೆಯವಳು ಅವಳ ಸೊಂಟದ ಮೇಲಿನ ಒದ್ದೆ ಕಲೆಯನ್ನು ನೋಡಿದಳು. ದಿನವೂ ಬೀದಿಯುದ್ದಕ್ಕೂ ಒಂದು ತುಂಬಿದ ಕೊಡ ಹೊತ್ತ ಕಲೆ.

“ತಪ್ಪೇನಿಲ್ಲ ಕಣೆ,” ಎಂದಳು.

ಸೋಮವಾರದ ಮೀಟಿಂಗಿಗೆ ಕುರ್ಚಿ ಸಾಲದೆ ಜನ ಕಿಟಕಿಯ ಹೊರಗೆ ನಿಂತಿದ್ದರು. ಸುಳಿವು ಸಿಗದಿರಲೆಂದು ಅಧ್ಯಕ್ಷರು ಭಾವನನ್ನು ಟ್ಯಾಂಕ್ ತೊಳೆಯಲು ಕಳಿಸಿದ್ದರು. ಹೊಲಿಗೆಯವಳು ಕಂಡದ್ದನ್ನು ಕಂಡಂತೆ ಹೇಳಿದಳು. ಮುಗಿಸುವಷ್ಟರಲ್ಲೇ ಕಿಟಕಿಯಿಂದ ದರ್ಬಾರಮ್ಮನ ಗಂಟಲು.

“ಚೆನ್ನಾಗಿ ಹೆಣೆದಿದೀರಿ ಮೆಂಬರ್ ಅಮ್ಮಾ! ಬಟ್ಟೆ ಹೊಲಿಯೋರಿಗೆ ಕಥೆ ಹೊಲಿಯೋದು ಕಷ್ಟಾನಾ? ಭಾವನ್ನ ಬಿಡಿಸ್ಕೊಳ್ಳೋಕೆ ಪಾಪ ಆ ಮುದುಕಿ ತಲೆಗೆ ಕಟ್ತಿದೀರಲ್ಲ!”

“ಮತ್ತೆ ಆ ಹೊಸ ಬೂಟು?” ಎಂದು ಹಿಂದಿನಿಂದ ಯಾರೋ ಕೇಳಿದರು. “ಅದೂ ಮುಚ್ಚಳ ಬಡಿದಿದ್ದಕ್ಕೆ ಬಂತಾ?”

ಜನ ನಕ್ಕರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತ ಅವಳ ಕೈಯನ್ನೇ ನೋಡುತ್ತಿದ್ದರು, ಯಾವಾಗ ಎತ್ತುತ್ತಾಳೆ ಎಂಬಂತೆ.

“ಒಂದು ಬೆಳಿಗ್ಗೆ ಕೊಡಿ,” ಎಂದಳು ಅವಳು. “ನಾಳೆ ಕೆಳಬೀದೀಲಿ ಯಾರೂ ಏನೂ ಬಡಿಯಬಾರದು. ಅಜ್ಜಿಯೂ. ಎಲ್ಲರೂ ಬಂದು ನೋಡಿ. ಎಂದಿನ ಹಾಗೆ ನೀರು ನಿಂತ್ರೆ ಮೊದಲ ಕೈ ನಂದೇ.”

“ಭಾವನಿಗೆ ಮುಂಚೆ ಹೇಳಿಬಿಟ್ರೆ?” ಎಂದಳು ದರ್ಬಾರಮ್ಮ.

ಅದಕ್ಕೂ ಒಂದು ಒಪ್ಪಂದವಾಯಿತು. ಅವತ್ತು ರಾತ್ರಿ ಹೊಲಿಗೆಯವಳೂ ಅವಳ ಗಂಡನೂ ದರ್ಬಾರಮ್ಮನ ಮನೆಯಲ್ಲೇ ಮಲಗಬೇಕೆಂದು. ಬೈದಾಡುತ್ತಲೇ ದರ್ಬಾರಮ್ಮ ಅವಳಿಗೆ ತನ್ನ ಒಳ್ಳೆಯ ಹೊದಿಕೆ ಕೊಟ್ಟಳು. “ಕಾವಲು ಕಾವಲೇ, ಚಳಿ ಚಳಿಯೇ,” ಎಂದಳು.

ಬೆಳಿಗ್ಗೆ ಅಂಗಡಿಯ ಸೊಸೆ, ತಿಕ್ಕಿ ಬೆಳಗಿಸಿಕೊಡುತ್ತೇನೆಂದು ಅಜ್ಜಿಯ ಮುಚ್ಚಳವನ್ನು ಇಸಿದುಕೊಂಡು ಬಂದಳು. ಅಧ್ಯಕ್ಷರು ಬಂದರು. ನೀರು ಬಂತು. ಬೀದಿಯ ತಲೆಯ ಮನೆಗಳು ತುಂಬಿದವು. ನಡುಬೀದಿ ತುಂಬಿತು. ದಿನವೂ ನಿಲ್ಲುವ ಹೊತ್ತು ಕಳೆಯಿತು, ನೀರು ನಿಲ್ಲಲಿಲ್ಲ. ದರ್ಬಾರಮ್ಮನ ಹಂಡೆ, ಬಾನಿ, ಕೊನೆಗೆ ಮಜ್ಜಿಗೆಯ ಗಡಿಗೆಯೂ ತುಂಬಿತು. ಅಜ್ಜಿಯ ನಲ್ಲಿಯಿಂದ ನೀರು ಧಾರೆಯಾಗಿ ಕಲ್ಲಿನ ಮೇಲೆ ಬಿತ್ತು. ಕೊಡಗಳೆಲ್ಲ ಮುಗಿದು ಚರಂಡಿ ತುಂಬಿ ಹರಿಯತೊಡಗಿತು. ಎಲ್ಲರ ಕಣ್ಣು ಗಿರಣಿಯ ತಿರುವಿನ ಕಡೆಗಿತ್ತು.

ಅಲ್ಲಿಂದ ಭಾವ ಓಡಿ ಬಂದರು. ಆ ವಯಸ್ಸಿನಲ್ಲಿ, ಆ ಬೂಟಿನಲ್ಲಿ, ಬಿದ್ದೆನೋ ಎದ್ದೆನೋ ಎಂಬಂತೆ. ನಿಂತಿದ್ದ ಜನರನ್ನು ಅವರು ನೋಡಲೇ ಇಲ್ಲ. ನೇರ ಕೊನೆಮನೆಯ ಜಗುಲಿ ಹತ್ತಿ ಬಾಗಿಲು ತಟ್ಟಿದರು.

“ಅಮ್ಮಾ! ಅಮ್ಮಾ, ಇದ್ದೀರಾ?”

“ಇದ್ದೀನಪ್ಪ, ಎಲ್ಲಿ ಹೋಗ್ಲಿ,” ಅಜ್ಜಿ ಬಾಗಿಲಿಗೆ ಬಂದಳು. “ಮುಚ್ಚಳ ಬೆಳಗಿಸ್ತೀನಿ ಅಂತ ತಗೊಂಡು ಹೋದೋಳು ಇನ್ನೂ ತಂದಿಲ್ಲ. ನೀನು ಪಾಪ ಕಾಯ್ತಿರ್ತೀಯಲ್ಲ ಅಂತ ನಂಗೂ ಜೀವ ಹೊಡ್ಕೊಳ್ತಿತ್ತು.”

ಭಾವ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಏದುಸಿರು ಬಿಡುತ್ತ ನಕ್ಕರು. “ಸದ್ದೇ ಇಲ್ಲ. ಏನಾಯ್ತೋ ಅಂದ್ಕೊಂಡೆ.” ಆಮೇಲೆ ತಿರುಗಿ ನೋಡಿದರು. ತುಂಬಿದ ಕೊಡಗಳು. ಕೈ ಕಟ್ಟಿ ನಿಂತ ಬೀದಿ. ಅಧ್ಯಕ್ಷರು. ತಮ್ಮ, ತಮ್ಮನ ಹೆಂಡತಿ. ನಗೆ ಮುಖದ ಮೇಲೆಯೇ ಮೆಲ್ಲಗೆ ಆರಿತು.

“ಏನು, ಎಲ್ಲಾ ನನ್ನನ್ನ ನೋಡೋಕೆ ನಿಂತಿದ್ರಾ?”

ದರ್ಬಾರಮ್ಮ ಮೊದಲ ಬಾರಿಗೆ ಮೆಲುದನಿಯಲ್ಲಿ, “ಆ ಬೂಟು ಮಾತ್ರ...” ಎಂದಳು.

“ಬೂಟು ನಾನು ಕೊಟ್ಟಿದ್ದು,” ಎಂದ ಹೊಲಿಗೆಯವಳ ಗಂಡ. ಅವನಿಗೆ ಹಾಲಿನ ಡೈರಿಯಲ್ಲಿ ಕೆಲಸ. “ಡೈರೀಲಿ ನಂಗೆ ಕೊಟ್ಟಿದ್ದು, ಬೇರೆಯವರಿಗೆ ಕೊಡೋ ಹಾಗಿಲ್ಲ. ಅಣ್ಣನ ಕಾಲು ಕೆಸರಲ್ಲಿ ಒಡೆದು ರಕ್ತ ಬರ್ತಿತ್ತು. ಯಾರಿಗೂ ಹೇಳ್ಬೇಡ ಅಂದಿದ್ದೆ.”

“ನಂಗೂನಾ?” ಎಂದಳು ಅವಳು.

“ಹೇಳ್ಬೇಕು ಅಂತಿದ್ದೆ. ನೀನು ಅವತ್ತು ಬೂಟು ನೋಡಿದ ರೀತಿ ಕಂಡು ಹೆದರಿಕೆ ಆಯ್ತು.”

ಜನ ಒಬ್ಬೊಬ್ಬರಾಗಿ ಕರಗಿದರು. ಅಧ್ಯಕ್ಷರು ಸೋಮವಾರದ ವಿಷಯ ಮುಗಿಯಿತು ಎಂದಷ್ಟೇ ಹೇಳಿ, ಹೋಗುವಾಗ ಭಾವನ ಭುಜ ಮುಟ್ಟಿದರು. ಹರಿಯುತ್ತಿದ್ದ ನೀರಿನ ನೆನಪಾಗಿ ಭಾವ ದಡಬಡಿಸಿ ಎದ್ದು ಟ್ಯಾಂಕಿನ ಕಡೆ ಹೊರಟರು. ಕಾರಣ ಏನೆಂದು ಅಜ್ಜಿಗೆ ಯಾರೂ ಹೇಳಲಿಲ್ಲ. ಅಂಗಡಿಯ ಸೊಸೆ ಮುಚ್ಚಳ ಹಿಂದೆ ಕೊಟ್ಟು, “ಅಜ್ಜಿ, ನಾಳೆಯಿಂದ ನಿಮ್ಮ ನಲ್ಲೀಲೇ ಹಿಡೀತೀನಿ. ಅಂಗಡಿ ಸ್ವಲ್ಪ ತಡವಾಗಿ ತೆಗೆದ್ರೆ ಊರೇನು ಮುಳುಗಲ್ಲ,” ಎಂದಳು.

ಮಧ್ಯಾಹ್ನ ಭಾವ ಊಟಕ್ಕೆ ಬಂದರು. ಬರುವುದಿಲ್ಲವೇನೋ ಎಂದು ಹೊಲಿಗೆಯವಳು ಹೊಲಿಗೆ ಯಂತ್ರ ನಿಲ್ಲಿಸಿ ಬಾಗಿಲಲ್ಲೇ ನಿಂತಿದ್ದಳು. ಅವರು ಬೂಟು ಕಳಚಿ ಜೋಡಿಸಿಟ್ಟರು. ಕಾಲು ಒರೆಸಿಕೊಂಡರು. ಅವಳು ಬಡಿಸಿದಳು. ತಪ್ಪಾಯಿತು ಎನ್ನುವ ಬದಲು ಇನ್ನೊಂದು ಸೌಟು ಸಾರು ಹಾಕಿದಳು.

“ಕಂಬದ ಹಿಂದೆ ನೀನು ನಿಂತಿದ್ದು ನಂಗೆ ಕಂಡಿತ್ತಮ್ಮ,” ಎಂದರು ಭಾವ, ತಟ್ಟೆ ನೋಡುತ್ತಲೇ.

ಅವಳು ಸೌಟು ಕೆಳಗಿಟ್ಟಳು. “ಮತ್ತೆ ಯಾಕೆ ಕರೀಲಿಲ್ಲ?”

“ನಂಗೇನಾದ್ರೂ ಹೇಳೋಕೆ ಬಂದು ನಾಚ್ಕೊಂಡು ನಿಂತಿದೀಯ ಅಂದ್ಕೊಂಡೆ. ಹೇಳ್ತೀಯ ಅಂತ ಅವತ್ತಿಂದ ಕಾಯ್ತಿದ್ದೆ.”

ಊಟ ಮುಗಿಸಿ ಅವರು ಎದ್ದರು. ಪಾತ್ರೆಗಳ ಕಡೆ ಕೈ ಚಾಚಿದವರು, ಏನೋ ನೆನೆದು, ತಮ್ಮ ತಟ್ಟೆಯೊಂದನ್ನು ಮಾತ್ರ ತೊಳೆದಿಟ್ಟು ಹೋದರು.