ಕಿಂಡಿ ಮುಚ್ಚಿದ ಕ್ಯಾಸೆಟ್ಟು

"ಸಂಜೆ ಬರ್ತಾ ಆ ಕ್ಯಾಸೆಟ್ಟು ತಂದ್ಬಿಡಿ," ಎಂದು ಹೆಂಡತಿ ಹೇಳಿದಾಗ ಅವನು ಶೂ ಲೇಸು ಕಟ್ಟುತ್ತಿದ್ದ.

"ಯಾವ ಕ್ಯಾಸೆಟ್ಟು?"

"ಅಮ್ಮನ ದನಿ ಇರೋದು. ಮೇಲ್ಸೇತುವೆ ಪಕ್ಕದ ಅಂಗಡೀಲಿ ಕೊಟ್ಟಿದೀನಿ. ಡಿಸ್ಕಿಗೆ ಹಾಕಿಕೊಡ್ತಾರಂತೆ."

ಅವನ ಕೈ ಅಲ್ಲೇ ನಿಂತಿತು. ಹೋಗಿ ಹೋಗಿ ಅದೇ ಅಂಗಡಿ.

"ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

"ಎರಡು ವರ್ಷದಿಂದ ಕೇಳ್ತಾನೇ ಇದೀನಿ. ನೋಡೋಣ ಅಂತೀರಿ."

ಅದು ನಿಜ. ಅವನು ಸಂಗೀತದ ಕಂಪನಿಯೊಂದರ ಕಾನೂನು ಅಧಿಕಾರಿ. ಬೆನ್ನ ಹಿಂದೆ ಎಲ್ಲರೂ ಅವನನ್ನು 'ಸೆಕ್ಷನ್ನು' ಅನ್ನುತ್ತಿದ್ದರು. 'ಕೊಂಡವನು ತನ್ನ ಕಿವಿಗಾಗಿ ತನ್ನ ಕೈಯಾರೆ ನಕಲು ಮಾಡಿಕೊಂಡರೆ ನಮ್ಮ ತಕರಾರಿಲ್ಲ. ಅಂಗಡಿಯವನಿಂದ ಮಾಡಿಸಿದರೆ ಅಪರಾಧ' ಎಂಬ ವಾಕ್ಯ ಅವನದೇ. ಅದಕ್ಕೆ ಅವನಿಗೆ ಬಡ್ತಿಯೂ ಸಿಕ್ಕಿತ್ತು. ಕೈಯಾರೆ ಮಾಡಲು ಮಾತ್ರ ಪುರುಸೊತ್ತು ಸಿಕ್ಕಿರಲಿಲ್ಲ.

ಅದೊಂದು ಪಿಟೀಲಿನ ಕ್ಯಾಸೆಟ್ಟು. ಮದುವೆಗೆ ಮುಂಚೆ ಅವಳೇ ಕೊಂಡದ್ದು. ಕಂಪನಿಯೇ ಸಂಗೀತ ತುಂಬಿ ಮಾರುವ ಕ್ಯಾಸೆಟ್ಟಿನ ಮೇಲಂಚಿನಲ್ಲಿ ಒಂದು ಸಣ್ಣ ಕಿಂಡಿ ಇರುತ್ತದೆ; ಖಾಲಿ ಕ್ಯಾಸೆಟ್ಟಿನಲ್ಲಿ ಅದು ಮುಚ್ಚಿರುತ್ತದೆ. ಕಿಂಡಿ ತೆರೆದಿರುವ ತನಕ ಕ್ಯಾಸೆಟ್ಟಿನ ಮೇಲೆ ಬೇರೇನೂ ರೆಕಾರ್ಡ್ ಆಗದು. ಹುಡುಗಾಟಕ್ಕೆ ಅವಳು ಆ ಕಿಂಡಿಗೆ ಹಸಿರು ಅಂಟುಪಟ್ಟಿ ಹಚ್ಚಿದ್ದಳು. ಒಂದು ದಿನ ಅವಳ ತಾಯಿ ಟೇಪ್ ರೆಕಾರ್ಡರ್ ಒರೆಸಲು ಹೋಗಿ ರೆಕಾರ್ಡ್ ಮಾಡುವ ಎರಡು ಗುಂಡಿ ಒಟ್ಟಿಗೆ ಒತ್ತಿಬಿಟ್ಟಿದ್ದರು. ಪಿಟೀಲಿನ ನಡುವೆ ಹನ್ನೊಂದು ಸೆಕೆಂಡು ಉಳಿದುಹೋಯಿತು: ಬಾಗಿಲು ಬಡಿದ ಸದ್ದು, "ಯಾರದು?" ಎಂಬ ಅತ್ತೆಯ ದನಿ, "ನಾನು" ಎಂಬ ಒಬ್ಬ ಯುವಕನ ದನಿ, ಮತ್ತೆ ಅತ್ತೆ ನಗುತ್ತಾ, "ನಾನು ಅಂದ್ರೆ ಯಾರಪ್ಪಾ?"

ಆ ಯುವಕ ಇವನೇ. ಆ ಮನೆಗೆ ಮೊದಲ ಸಲ ಬಂದಿದ್ದ. ಅತ್ತೆ ಈಗಿಲ್ಲ. ಅವರ ದನಿ ಬೇರೆಲ್ಲೂ ಇಲ್ಲ.

ಹನ್ನೊಂದು ಗಂಟೆಗೆ ಅವನು ಆ ಅಂಗಡಿಯಲ್ಲೇ ಇದ್ದ. ಕಂಪನಿಯ ನೋಟೀಸಿಗೆ ಮಣಿದು, ತನ್ನಲ್ಲಿದ್ದ ನಕಲುಗಳನ್ನೆಲ್ಲ ಅಳಿಸಲು ಒಪ್ಪಿ ಅಂಗಡಿಯಾತ ಹಿಂದಿನ ದಿನವೇ ಸಹಿ ಹಾಕಿದ್ದ. ಕಂಪನಿಯ ಮೆಕ್ಯಾನಿಕ್ಕು, ನಿವೃತ್ತಿಯ ಅಂಚಿನ ಮಾತುಗಾರ, ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡ ಅಳಿಸುವ ಯಂತ್ರ ತಂದಿದ್ದ. ಅಸಲು ಯಾವುದು, ನಕಲು ಯಾವುದು ಎಂದು ಬೇರ್ಪಡಿಸಲು ಒಂದು ಸುತ್ತೋಲೆ ಇತ್ತು: ಕಿಂಡಿ ತೆರೆದಿದ್ದರೆ ಅಸಲು, ಮುಚ್ಚಿದ್ದರೆ ನಕಲು; ಮೇಲೆ ಅಂಟಿಸಿದ ಚೀಟಿ ನೋಡುವ ಅಗತ್ಯವಿಲ್ಲ. ಸುತ್ತೋಲೆಯೂ ಅವನದೇ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಬಂದಿದ್ದ. ಮೆಲ್ಲನೆ ಎತ್ತಿ ಜೇಬಿಗೆ ಇಳಿಸಿದರಾಯಿತು. ಆದರೆ ಮೆಕ್ಯಾನಿಕ್ಕಿನ ಕೈ ಚುರುಕು. ಹಸಿರು ಅಂಟುಪಟ್ಟಿಯ ಕ್ಯಾಸೆಟ್ಟು ಆಗಲೇ ನಕಲಿನ ರಾಶಿಯಲ್ಲಿತ್ತು.

"ಅದೊಂದು ಬಿಡಿ ಸಾರ್," ಎಂದ ಅಂಗಡಿಯಾತ. "ಅಸಲೇ ಅದು, ಅಂಟು ಹಚ್ಚಿದಾರೆ ಅಷ್ಟೆ. ಮಧ್ಯದಲ್ಲಿ ಅವರ ತಾಯಿ ದನಿ ಇದೆಯಂತೆ. ನಾನಿನ್ನೂ ನಕಲು ಮಾಡಿಲ್ಲ."

"ಯಾರದು?" ಮೆಕ್ಯಾನಿಕ್ಕು ಕೇಳಿದ.

"ಹೆಸರು ಬರ್ಕೊಂಡಿಲ್ಲ. ಸಂಜೆ ಮನೆಯವರು ಬರ್ತಾರೆ ಅಂದ್ರು."

ಮೆಕ್ಯಾನಿಕ್ಕು ಇವನ ಕಡೆ ತಿರುಗಿದ. "ಏನ್ಮಾಡ್ಲಿ ಸಾರ್?"

ಒಂದು ಮಾತು ಸಾಕಿತ್ತು. ನಮ್ಮದು ಅಂದಿದ್ದರೆ ಮುಗಿದಿತ್ತು. ಆದರೆ ಈ ಮನುಷ್ಯನ ಬಾಯಿಗೆ ಬಿದ್ದರೆ ನಾಳೆ ಇಡೀ ಆಫೀಸಿಗೆ ಡಂಗುರ: ಸೆಕ್ಷನ್ನಿನ ಹೆಂಡತಿಯೇ ಗಿರಾಕಿ ಕಣ್ರೀ. ಅವನಿಗೆ ಹೆದರಿಕೆಯಾಯಿತು. ಹೆದರಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಹೆದರಿಕೆಯೇ ಮುಂದೆ ಬಂತು.

"ಕಿಂಡಿ ಮುಚ್ಚಿದೆಯಲ್ಲ," ಎಂದ. "ಸುತ್ತೋಲೇಲಿ ಇರೋ ಹಾಗೆ ಮಾಡಿ."

ಯಂತ್ರ ಒಂದು ಗಳಿಗೆ ಗುಂಯ್ಗುಟ್ಟಿತು. ಕ್ಯಾಸೆಟ್ಟು ನೋಡಲು ಮೊದಲಿದ್ದ ಹಾಗೇ ಇತ್ತು. ಅವನು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದ.

ಸಂಜೆ ಆರಕ್ಕೆ ಮತ್ತೆ ಹೋದ. "ಆ ಹಸಿರು ಅಂಟಿಂದು ಕೊಡಿ."

ಅಂಗಡಿಯಾತ ತಲೆಯೆತ್ತಿದ. "ನಿಮ್ಮದಾ?"

"ಹೂಂ."

"ಬೆಳಿಗ್ಗೆ ಹೇಳಿದ್ರೆ ಆಗ್ತಿತ್ತಲ್ಲ ಸಾರ್."

ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು. ಅಂಗಡಿಯಾತ ಬೈಯದೆ, ಕ್ಯಾಸೆಟ್ಟನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ಮನೆಯಲ್ಲಿ ಹೆಂಡತಿ ಆಗಲೇ ಟೇಪ್ ರೆಕಾರ್ಡರನ್ನು ಮೇಜಿನ ಮೇಲೆ ತಂದಿಟ್ಟಿದ್ದಳು. "ಸಿಕ್ತಾ?"

"ಸಿಕ್ತು."

"ಡಿಸ್ಕು?"

"ಮಾಡಿಲ್ವಂತೆ. ನಾನೇ ಮಾಡ್ಕೊಡ್ತೀನಿ. ನಾಳೆ."

ಅವಳು ಅವನನ್ನು ಆಶ್ಚರ್ಯದಿಂದ ನೋಡಿ ಕ್ಯಾಸೆಟ್ಟು ಹಾಕಿದಳು. ಸುರುಳಿಗಳು ತಿರುಗಿದವು. ಬರೀ ಸುಂಯ್ ಎಂಬ ಸದ್ದು. ಸ್ವಲ್ಪ ಮುಂದಕ್ಕೆ ಓಡಿಸಿದಳು. ಅಲ್ಲೂ ಅದೇ.

"ಪಿಟೀಲೂ ಇಲ್ಲವಲ್ಲ. ಹೆಡ್ಡು ಕೊಳೆಯಾಗಿರಬೇಕು." ನಿಲ್ಲಿಸಿ, ಮುಚ್ಚಳ ತೆಗೆದು ಬಟ್ಟೆಯ ತುದಿಯಿಂದ ಒರೆಸಿದಳು, ಮತ್ತೆ ಹಾಕಿದಳು. ಅವಸರದಲ್ಲಿ ಎರಡು ಗುಂಡಿ ಒಟ್ಟಿಗೆ ಇಳಿದವು. ಕೆಂಪು ದೀಪ ಹತ್ತಿದ್ದು ಅವಳಿಗೆ ಕಾಣಲಿಲ್ಲ. ಅವನಿಗೆ ಕಂಡಿತು.

"ಏನೂ ಬರ್ತಿಲ್ಲ," ಎಂದಳು. "ಅಂಗಡೀಲಿ ಏನ್ಮಾಡಿದ್ರು ಇದನ್ನ? ಯಾರು ಮಾಡಿದ್ದು?"

ಅವನು ಬಾಯಿ ತೆರೆದ. ಹೇಳಬೇಕಾಗಿದ್ದದ್ದು ಒಂದೇ ಮಾತು. ಆ ಯುವಕ ಬಾಗಿಲಲ್ಲಿ ನಿಂತು ಸಲೀಸಾಗಿ ಹೇಳಿದ್ದ ಮಾತು.

"ಹೇಳ್ರೀ, ಯಾರು?"

ಕೆಂಪು ದೀಪ ಉರಿಯುತ್ತಿತ್ತು. ಸುರುಳಿಗಳು ತಿರುಗುತ್ತಾ ಅವಳ ಪ್ರಶ್ನೆಯನ್ನೂ ಆಮೇಲಿನ ಮೌನವನ್ನೂ ಬರೆದುಕೊಳ್ಳುತ್ತಿದ್ದವು.