ಅರ್ಧರ್ಧ ಪಾಸ್‌ವರ್ಡ್

ಬೀಗದಂಗಡಿಯ ಅಣ್ಣತಮ್ಮಂದಿರು ಮಾತು ಬಿಟ್ಟದ್ದು ಹೆಣ್ಣಿಗಲ್ಲ, ಹೊನ್ನಿಗಲ್ಲ, ಮಣ್ಣಿಗೂ ಅಲ್ಲ. ಕೀ ಎಡಕ್ಕೆ ತಿರುಗಿದರೆ ಬೀಗ ತೆರೆಯಬೇಕೋ ಬಲಕ್ಕೆ ತಿರುಗಿದರೆ ತೆರೆಯಬೇಕೋ ಎಂಬ ಪ್ರಶ್ನೆಗೆ. ಅಣ್ಣ ಎಡ ಎಂದ, ತಮ್ಮ ಬಲ ಎಂದ. ಅಂದಿನಿಂದ ಒಂದೇ ಅಂಗಡಿಯಲ್ಲಿ, ಮಾರು ದೂರದಲ್ಲಿ ಕೂತು, ಒಬ್ಬ ಎಡದ ಬೀಗ ಮಾಡುತ್ತಾನೆ, ಇನ್ನೊಬ್ಬ ಬಲದ್ದು. ಗಿರಾಕಿಗಳು ಮನೆಗೆ ಹೋಗಿ ಎರಡೂ ಕಡೆ ತಿರುಗಿಸಿ ನೋಡಿಕೊಳ್ಳುತ್ತಾರೆ. ಯಾರ ಗಂಟೂ ಹೋಗಿಲ್ಲ.

ಹೋದದ್ದು ಚಿಲಕಳ ನೆಮ್ಮದಿ. ಅವಳು ಅಣ್ಣನ ಮಗಳು. ಮಗುವಾಗಿದ್ದಾಗ ಯಾರು ಹೊರಗೆ ಹೊರಟರೂ ಬಾಗಿಲಿಗೆ ಜೋತುಬೀಳುತ್ತಿದ್ದಳೆಂದು ಅಜ್ಜಿ ಇಟ್ಟ ಅಡ್ಡಹೆಸರದು. ಹಾಲುಹಲ್ಲು ಬೀಳುವ ವಯಸ್ಸಿನಿಂದ ಅಪ್ಪನ ಮಾತನ್ನು ಚಿಕ್ಕಪ್ಪನಿಗೆ, ಚಿಕ್ಕಪ್ಪನ ಮಾತನ್ನು ಅಪ್ಪನಿಗೆ ಹೊತ್ತವಳು ಅವಳೇ. "ಚಿಲಕಾ, ಉಜ್ಜೋ ಅರ ಈ ಕಡೆ ಕೊಡು ಅಂತ ಅವನಿಗೆ ಹೇಳು." "ಚಿಲಕಾ, ಅದು ಅವರ ತೊಡೆ ಕೆಳಗೇ ಇದೆ ಅಂತ ಅವರಿಗೆ ಹೇಳು." ಓದಲು ಬೇರೆ ಊರಿಗೆ ಹೋದರೂ ಬಿಡುಗಡೆಯಿಲ್ಲ. ಒಂದು ಮಧ್ಯಾಹ್ನ ಅಪ್ಪ ಫೋನ್ ಮಾಡಿ, "ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಮ್ಮ, ಅವನ ಅಂಗಿ ತೋಳಿಗೆ ಬೆಂಕಿ ಹತ್ತಿದೆ" ಎಂದ. ಅವಳು ಮಾಡಿದಳು. ಚಿಕ್ಕಪ್ಪ ಬೆಂಕಿ ಆರಿಸಿಕೊಂಡು, "ಥ್ಯಾಂಕ್ಸ್ ಅಂತ ಅವರಿಗೆ ಹೇಳಿಬಿಡು ಪುಟ್ಟಾ" ಎಂದ. ಅದನ್ನೂ ತಲುಪಿಸಿದಳು.

ಈಗ ಚಿಕ್ಕಪ್ಪ ಊರಿನ ಆ ತುದಿಯಲ್ಲಿ ಬೇರೆ ಅಂಗಡಿ ನೋಡಿದ್ದ. ಗಿರಾಕಿಗಳನ್ನು ಹಂಚಿಕೊಳ್ಳುವುದು ಹೇಗೆ ಎಂಬುದಕ್ಕೆ ಉಪಾಯ ವೆಬ್‌ಸೈಟು: ಎಡದ ಬೀಗದ ಆರ್ಡರು ಅಪ್ಪನ ಫೋನಿಗೆ, ಬಲದ್ದು ಚಿಕ್ಕಪ್ಪನ ಫೋನಿಗೆ. ಅದನ್ನು ನಡೆಸುವ ಕಂಪ್ಯೂಟರು, ಅಂದರೆ ಸರ್ವರ್, ಶುರುವಾದ ಮರುದಿನವೇ ಅವನ ಲೇತ್ ಯಂತ್ರ ಹೊಸ ಅಂಗಡಿಗೆ ಸಾಗಿಸುವುದೆಂದು ತೀರ್ಮಾನ. ಎಲ್ಲವನ್ನೂ ಕಟ್ಟಿಕೊಡಬೇಕಾದವಳು ಊರಿಗೆ ಬಂದಿದ್ದ ಚಿಲಕ. ತನ್ನ ಮನೆ ಒಡೆಯುವ ಸುತ್ತಿಗೆಗೆ ತಾನೇ ಹಿಡಿ ಕೂರಿಸುತ್ತಿದ್ದೇನೆಂದು ಅವಳಿಗೆ ಸಂಕಟವಾಗುತ್ತಿತ್ತು. ಆದರೆ ಕೇಳಿದವರು ಇಬ್ಬರೂ, ಇಬ್ಬರೂ ಅವಳಿಗೆ ಜೀವ. ಒಲ್ಲೆ ಎನ್ನಲು ಬಾಯಿ ಬರಲಿಲ್ಲ.

"ಬಾಡಿಗೆ ಸರ್ವರ್ ತಗೊಳ್ಳೋಣ" ಎಂದಳು.

"ಬೀಗದಂಗಡಿ ಬಾಗಿಲನ್ನ ಇನ್ನೊಬ್ಬರ ಮನೇಲಿ ಇಡ್ತೀಯೇನೇ?" ಎಂದಳು ಗಲ್ಲಾದಲ್ಲಿ ಕೂತ ಅಜ್ಜಿ. ಅಲ್ಲಿಗೆ ಆ ಮಾತು ಮುಗಿಯಿತು. ಹಿತ್ತಾಳೆ ಪುಡಿ ಹಾರುವ ಉಗ್ರಾಣದ ಕೋಣೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಒರೆಸಿ ಇಟ್ಟದ್ದಾಯಿತು.

ಇನ್ನು ಅದನ್ನು ನಡೆಸುವ ತಂತ್ರಾಂಶ, ಲಿನಕ್ಸ್. ಅದು ಒಂದೇ ಅಲ್ಲ, ನೂರಾರು ಬಗೆ ಎಂದಾಗ ಇಬ್ಬರೂ ಗಂಭೀರವಾಗಿ ತಲೆಯಾಡಿಸಿದರು. ಬೀಗದವರಿಗೆ ಅದು ಹೊಸ ಸಂಗತಿಯಲ್ಲ. ಚಿಲಕ ವಿವರಿಸಿದಳು: "ಡೆಬಿಯನ್ ಅಂತ ಒಂದಿದೆ. ಹಾಕಿಬಿಟ್ರೆ ವರ್ಷಗಟ್ಟಲೆ ತನ್ನ ಪಾಡಿಗೆ ತಾನಿರುತ್ತೆ, ಸಣ್ಣಪುಟ್ಟ ರಿಪೇರಿ ತಾನೇ ಮಾಡ್ಕೊಳ್ಳುತ್ತೆ. ಆರ್ಚ್ ಅಂತ ಇನ್ನೊಂದು. ದಿನಾ ಏನಾದ್ರೂ ಹೊಸದು ಬರ್ತಾನೇ ಇರುತ್ತೆ. ವಾರಕ್ಕೊಂದ್ಸಲ ಆದ್ರೂ ಪಾಸ್‌ವರ್ಡ್ ಕೊಟ್ಟು ಅಪ್‌ಡೇಟ್ ಮಾಡ್ತಿರಬೇಕು. ಬುದ್ಧಿ ಇರೋರು ಅದನ್ನ ಅಂಗಡಿ ಸರ್ವರ್‌ಗೆ ಹಾಕಲ್ಲ."

"ಮೊದಲನೇದೇ ಸಾಕು ಅಂತ ಅವರಿಗೆ ಹೇಳು" ಎಂದ ಚಿಕ್ಕಪ್ಪ. "ನನಗೂ ಅದೇ ಅಂತ ಅವನಿಗೆ ಹೇಳು" ಎಂದ ಅಪ್ಪ. ಹೇಳಿದಳು.

ಪೆನ್‌ಡ್ರೈವ್ ಸಿಕ್ಕಿಸಿ ಡೆಬಿಯನ್ ಏರಿಸಿದಳು. ಪಾಸ್‌ವರ್ಡ್ ಕೇಳುವಷ್ಟರಲ್ಲಿ ಅಜ್ಜಿ ಎದ್ದು ಬಂದಳು. ಆ ಅಂಗಡಿಯಲ್ಲಿ ಒಂದು ಕಾನೂನಿದೆ: ಇಡೀ ಕೀ ಒಬ್ಬರ ಕೈಯಲ್ಲಿ ಇರಕೂಡದು. ತಿಜೋರಿಗೂ ಎರಡು ಬೀಗ, ಮಗನಿಗೊಂದರಂತೆ. ಅಜ್ಜಿ ಪಾಸ್‌ವರ್ಡನ್ನೂ ಎರಡು ಪಾಲು ಮಾಡಿದಳು: ಮೊದಲರ್ಧ ದೊಡ್ಡವನದು, ಉಳಿದರ್ಧ ಚಿಕ್ಕವನದು. ಒಬ್ಬ ಒತ್ತುವಾಗ ಇನ್ನೊಬ್ಬ ಗೋಡೆಗೆ ಮುಖ ಮಾಡಬೇಕು. ಚಿಲಕ ಕೋಣೆಯಲ್ಲೇ ಇರಕೂಡದು.

"ಅಜ್ಜಿ, ನಾನಿಲ್ದೆ ಅವರಿಬ್ರೂ..."

"ಫೋನ್ ಕೊಡು ಇಲ್ಲಿ." ಅಜ್ಜಿ ಅದನ್ನು ಕಿತ್ತುಕೊಂಡು, ಬಾಗಿಲ ಮುಂದೆ ಕುರ್ಚಿ ಹಾಕಿ, ತೊಡೆಯ ಕೆಳಗಿಟ್ಟು ಕೂತಳು.

ಚಿಲಕ ಕೀಲಿಕಂಡಿಗೆ ಕಣ್ಣಿಟ್ಟಳು. ಅಪ್ಪ ಒತ್ತುತ್ತಿದ್ದ. ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. ಲಿನಕ್ಸ್‌ನಲ್ಲಿ ಪಾಸ್‌ವರ್ಡಿನ ರೀತಿಯೇ ಹಾಗೆಂದು ಅವಳು ಮೊದಲೇ ಹೇಳಿದ್ದಳು, ಆದರೂ ಅಪ್ಪ ತಮ್ಮನ ಬೆನ್ನನ್ನು ಅನುಮಾನದಿಂದ ನೋಡಿದ. ಮುಗಿಸಿ, ತನ್ನ ಪಾಲಿನ ಗೋಡೆಗೆ ಹೋಗಿ ನಿಂತ. ಮುಗಿಯಿತೆಂದು ತಮ್ಮನಿಗೆ ಹೇಳುವವರಾರು? ಅವನು ಆ ಗೋಡೆಗೆ, ಇವನು ಈ ಗೋಡೆಗೆ ಮುಖ ಮಾಡಿ, ತಪ್ಪು ಮಾಡಿದ ಶಾಲಾ ಹುಡುಗರ ಹಾಗೆ ನಿಂತೇ ಇದ್ದರು. ನಡುವೆ ಸರ್ವರ್ ಕಾಯುತ್ತಿತ್ತು.

"ಅಜ್ಜಿ, ಇಬ್ರೂ ಗೋಡೆ ನೋಡ್ತಿದ್ದಾರೆ."

"ನೋಡ್ಲಿ. ಸುಣ್ಣ ಹೊಡೆಸಿ ತುಂಬ ದಿನ ಆಯ್ತು."

ಅಪ್ಪ ಜೇಬಿನಿಂದ ಫೋನ್ ತೆಗೆದ. ಅಜ್ಜಿಯ ತೊಡೆಯ ಕೆಳಗೆ ಗಂಟೆ ಬಾರಿಸಿತು, ಬಾರಿಸಿತು, ನಿಂತಿತು. ಅಜ್ಜಿ ಮಿಸುಕಲಿಲ್ಲ.

ಕೊನೆಗೆ ಒಳಗಿಂದ, ತುಕ್ಕು ಹಿಡಿದ ಬೀಗ ಬಿಟ್ಟುಕೊಂಡ ಹಾಗೆ, ಅಪ್ಪನ ದನಿ: "ಆಯ್ತು."

"ನನಗಾ ಹೇಳಿದ್ದು?"

"ಇಲ್ಲಿ ಇನ್ಯಾರಿದ್ದಾರೆ?"

ಚಿಲಕ ಬಾಯಿಗೆ ಕೈ ಅಡ್ಡ ಹಿಡಿದಳು. ಚಿಕ್ಕಪ್ಪ ಒತ್ತಿದ. ಸರ್ವರ್ ಇನ್ನೊಮ್ಮೆ ಒತ್ತಿ ಎಂದಿತು, ಇಬ್ಬರೂ ಸರದಿಯಂತೆ ಒತ್ತಿದ ಮೇಲೆ ಎರಡು ಸಲದ್ದೂ ಹೊಂದುತ್ತಿಲ್ಲ ಎಂದಿತು. "ನೀನೇ ತಪ್ಪು ಒತ್ತಿದ್ದು." "ನಿಮ್ಮ ಬೆರಳು ಸೌತೆಕಾಯಿ ಗಾತ್ರ ಇದೆ, ಒಂದು ಒತ್ತಿದ್ರೆ ಎರಡು ಬೀಳುತ್ತೆ!" ಜಗಳವೇ ಸರಿ, ಆದರೆ ನೇರ ಜಗಳ, ನಡುವೆ ಯಾರೂ ಇಲ್ಲ. ಅಂತೂ ಹೊಂದಿತು. ಇಬ್ಬರೂ ಹೊರಬಂದರು, ಮತ್ತೆ ಮುಖಕ್ಕೆ ಬೀಗ ಜಡಿದುಕೊಂಡು.

"ಆಯ್ತು ಅಂತ ಅವನಿಗೆ ಹೇಳು" ಎಂದ ಅಪ್ಪ. "ನಾಳೆ ಲೇತ್ ಒಯ್ತೀನಿ ಅಂತ ಅವರಿಗೆ ಹೇಳು" ಎಂದ ಚಿಕ್ಕಪ್ಪ.

ಚಿಲಕ ಈ ಸಲ ಯಾರಿಗೂ ಏನೂ ಹೇಳಲಿಲ್ಲ. ಒಳಗೆ ಹೋದಳು. ಸರ್ವರ್ ಸುಮ್ಮನೆ, ಸುಖವಾಗಿ ಓಡುತ್ತಿತ್ತು. ಇನ್ನು ವರ್ಷಗಟ್ಟಲೆ ಯಾರನ್ನೂ ಕರೆಯದು. ಅವಳು ಅದನ್ನು ಆರಿಸಿ, ಡಿಸ್ಕ್ ಅಳಿಸಿ, ಆರ್ಚ್ ಏರಿಸಿದಳು. ಬುದ್ಧಿ ಇರುವವರು ಮಾಡದ ಕೆಲಸವೆಂದು ಬಲ್ಲಳು, ಆದರೂ ಮಾಡುವಾಗ ಖುಷಿಯಾಯಿತು.

ಬಾಗಿಲಿಗೆ ಬಂದು, "ಅದು ಸರಿಹೋಗಲಿಲ್ಲ, ಬೇರೆ ಹಾಕಿದೀನಿ. ಮತ್ತೆ ಪಾಸ್‌ವರ್ಡ್ ಬೇಕು. ಇಬ್ರೂ ಬನ್ನಿ" ಎಂದಳು.

ಮತ್ತೆ ಒಳಗೆ ಹೋದರು. "ಆಯ್ತು" ಈ ಸಲ ಬೇಗ ಬಂತು. ಆಮೇಲೆ ಎಡ, ಬಲ ಎಂಬ ಹಳೆಯ ವಾದವೇ ಕೋಣೆಯ ತಗಡು ಹಾರುವಂತೆ ಶುರುವಾಯಿತು. ಬೆವರುತ್ತ ಹೊರಬಂದ ಚಿಕ್ಕಪ್ಪ ಕೇಳಿದ: "ಇದನ್ನ ಎಷ್ಟು ದಿನಕ್ಕೊಂದು ಸಲ ಮಾಡ್ಬೇಕು?"

"ವಾರಕ್ಕೊಂದ್ಸಲ. ಜಾಸ್ತಿನೂ ಆಗ್ಬಹುದು."

"ವಾರವಾರ ಆ ತುದಿಯಿಂದ ಬಂದು ಬೈಸ್ಕೊಂಡು ಹೋಗೋಕೆ ನನಗೇನು ಹುಚ್ಚಾ? ಲೇತ್ ಸದ್ಯಕ್ಕೆ ಇಲ್ಲೇ ಇರ್ಲಿ."

"ಚಿಲಕಾ, ಅವನಿಗೆ ಹೇಳು..." ಎಂದು ಅಪ್ಪ ಬಾಯಿ ತೆಗೆದ. ನಿಲ್ಲಿಸಿದ. ತಮ್ಮನ ಕಡೆ ತಿರುಗಿದ. "ಇರ್ಲಿ ಬಿಡೋ" ಎಂದ.

ಚಿಲಕಳ ಕಣ್ಣು ತುಂಬಿತು. ಅಜ್ಜಿ ತೊಡೆಯ ಕೆಳಗಿಂದ ಬೆಚ್ಚಗಿನ ಫೋನ್ ತೆಗೆದು ಅವಳ ಕೈಗಿಟ್ಟು, ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು:

"ಇದಕ್ಕಿಂತ ಜಾಸ್ತಿ ಕಾಟ ಕೊಡೋದು ಯಾವುದೂ ಇಲ್ವೇನೇ?"